ಚಿಕ್ಕ ಪಾತ್ರೆಯ ಕೆಂಪು ಸಾಸ್

ಫೆಬ್ರವರಿ ೪

ಕನ್ನಡಕದವಳಿಗೆ,

ಅಕ್ಷರದ ಗುರುತು ಸಿಕ್ಕ ಕೂಡಲೇ ಕಾಗದ ಹರಿಯಬೇಡ. ಹರಿಯಲೇಬೇಕೆಂದಿದ್ದರೆ ಪೂರ್ತಿ ಓದಿ ಹರಿ. ನೀನು ನನ್ನ ಮಗನನ್ನು ಬಿಟ್ಟು ಹೋಗಿ, ಅಥವಾ ಅವನು ನಿನ್ನನ್ನು ಬಿಟ್ಟು, ಏಳು ವರ್ಷವಾಯಿತು. ಅಷ್ಟು ದಿನ ಒಂದು ಸಾಲೂ ಬರೆಯದವಳು ಈಗ ಯಾಕೆ ಬರೆದಳು ಎಂದು ನಿನಗೆ ಅನಿಸುತ್ತದೆ. ಹಾಳೆ ಮುಂದಿಟ್ಟುಕೊಂಡು ನಾಲ್ಕು ದಿನ ಕೂತೆ, ಎದ್ದೆ, ಪಾತ್ರೆ ತೊಳೆದೆ, ಮತ್ತೆ ಕೂತೆ. ಈ ಮನೆಯಲ್ಲಿ ತೊಳೆಯಲಿಕ್ಕಿರುವುದು ಒಂದು ತಟ್ಟೆ, ಒಂದು ಲೋಟ. ಅವನ್ನೇ ತಿರುಗಿ ತಿರುಗಿ ತೊಳೆದೆ.

ವಿಷಯಕ್ಕೆ ಬರುತ್ತೇನೆ. ನನ್ನ ಹೊಟ್ಟೆ ಕೆಟ್ಟಿದೆ. ಎಂಟು ತಿಂಗಳಿಂದ ಹೀಗೇ. ಊಟವಾದ ಎರಡು ಗಂಟೆಗೆ ಸರಿಯಾಗಿ ಹೊಟ್ಟೆ ಉಬ್ಬುತ್ತದೆ, ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಎಲ್ಲ ಪರೀಕ್ಷೆಯೂ ಆಯಿತು. ಕರುಳಿಗೆ ರೋಗವಿಲ್ಲ, ಆದರೆ ಅದು ಸ್ವಲ್ಪ ಮುಂಗೋಪಿ ಎಂದರು ಡಾಕ್ಟರು. ಯಜಮಾನಿಯ ಹಾಗೇ ಇದೆ ಬಿಡಿ ಎಂದೆ. ಅವರು ನಗಲಿಲ್ಲ. ಪಥ್ಯ ಹೇಳಿಕೊಡುವ ಹುಡುಗಿಯ ಹತ್ತಿರ ಕಳಿಸಿದರು. ಅವಳು ನಾಲ್ಕು ಹಾಳೆಯ ಪಟ್ಟಿ ಕೊಟ್ಟಳು. ಲೋ ಫಾಡ್‌ಮ್ಯಾಪ್ ಎಂದು ಹೆಸರು. ಸಣ್ಣ ಕರುಳಿನಲ್ಲಿ ಅರಗದೆ ಮುಂದಕ್ಕೆ ಹೋಗಿ, ಹುಳಿ ಬಂದು ಗಾಳಿ ಎಬ್ಬಿಸುವ ಪದಾರ್ಥಗಳನ್ನೆಲ್ಲ ಆರು ವಾರ ಬಿಡಬೇಕಂತೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗೋಧಿ ಇಲ್ಲ, ಹಾಲು ಇಲ್ಲ, ಅಣಬೆ ಇಲ್ಲ, ಜೇನು ಇಲ್ಲ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ದಿನಕ್ಕೆ ಮುನ್ನೂರು ಜನಕ್ಕೆ ಅಡುಗೆ ಮಾಡಿ ಹಾಕಿದ ನನಗೆ ಆ ಹುಡುಗಿ, "ಅಜ್ಜಿ, ಪಾಸ್ತಾ ಸಾಸ್ ಮಾತ್ರ ನೋಡ್ಕೊಂಡು ತಗೊಳ್ಳಿ, ಅದ್ರಲ್ಲೇ ಎಲ್ಲರೂ ಎಡವೋದು" ಎಂದು ಪಾಠ ಹೇಳಿದಳು.

ಅಂಗಡಿಗೆ ಹೋದೆ. ಪಾಸ್ತಾ ಬಿಟ್ಟು ಇರಲಾರದವಳು ನಾನು. ಒಂದು ಗೋಡೆಯ ತುಂಬ ಸಾಸ್ ಬಾಟಲಿ, ನಲವತ್ತಾದರೂ ಇರಬೇಕು. ಹಿಂದೆ ಬರೆದಿರುವ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಬೆಳ್ಳುಳ್ಳಿ ಇಲ್ಲದ್ದು ಯಾವುದು ಎಂದು ಅಲ್ಲಿದ್ದವನನ್ನು ಕೇಳಿದೆ. ಕೇಳಿಕೊಂಡು ಬರುತ್ತೇನೆಂದು ಹೋದವನು ಹೋದ. ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದಾಗ ನೀನು ನೆನಪಾದೆ. ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ತಪ್ಪು ತಿದ್ದುವವಳು ನೀನು, ಸಣ್ಣ ಅಕ್ಷರ ಓದುವುದೇ ನಿನ್ನ ಹೊಟ್ಟೆಪಾಡು. ಮೇಲಾಗಿ ನಿಮ್ಮ ಪ್ರೆಸ್ಸಿನ ಬೈಂಡಿಂಗ್ ಹೆಂಗಸು ಹಲ್ಲಿನ ಡಾಕ್ಟರ ಹತ್ತಿರ ಸಿಕ್ಕಿದ್ದಳು. ನೀನೂ ಐದು ವರ್ಷದಿಂದ ಇದೇ ಪಥ್ಯದಲ್ಲಿದ್ದೀಯ ಎಂದಳು. ವಿಳಾಸ ಕೊಟ್ಟವಳೂ ಅವಳೇ, ಬೈಯಬೇಡ.

ಹಾಗಾದರೆ ನನ್ನ ಮನೆಯಲ್ಲಿ ನಾಲ್ಕು ವರ್ಷ ಏನು ತಿಂದುಕೊಂಡಿದ್ದೆ? ಇದನ್ನು ಕೇಳುವ ಮುಖ ನನಗಿಲ್ಲ. ಸಾಸ್ ವಿಷಯ ಮಾತ್ರ ಬರೆ. ಯಾವ ಬಾಟಲಿ ಎತ್ತಿಕೊಳ್ಳಲಿ?

ಇತಿ,
ಒಂದು ಕಾಲದ ನಿನ್ನ ಅತ್ತೆ


ಫೆಬ್ರವರಿ ೧೩

ಅತ್ತೆಯವರಿಗೆ,

ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಹಾಗೆಯೇ ಬರೆದಿದ್ದೇನೆ.

ಬಾಟಲಿಯ ಮುಂಭಾಗದಲ್ಲಿರುವುದನ್ನು ಓದಬೇಡಿ. ಅಲ್ಲಿ ಚಿತ್ರ ಬರೆಯುವವರಿಗೇ ಒಳಗೇನಿದೆ ಗೊತ್ತಿರುವುದಿಲ್ಲ. ಹಿಂದೆ ತಿರುಗಿಸಿ. ಯಾವುದು ಹೆಚ್ಚು ಹಾಕಿದ್ದಾರೋ ಅದು ಮೊದಲು ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಅವುಗಳ ಪುಡಿ ಕೊನೆಯಲ್ಲಿದ್ದರೂ ಕೆಳಗಿಡಿ. "ಮಸಾಲೆ ಪದಾರ್ಥಗಳು", "ನೈಸರ್ಗಿಕ ಸ್ವಾದ" ಎಂದಷ್ಟೇ ಇದ್ದರೆ ನಂಬಬೇಡಿ, ಅವುಗಳ ಹಿಂದೆ ಹೆಚ್ಚಾಗಿ ಬೆಳ್ಳುಳ್ಳಿಯೇ ಅಡಗಿರುತ್ತದೆ. ಅಂಥ ಸಾಲುಗಳಿಗೆ ದಿನಾ ಸರಿ ಗುರುತು ಹಾಕಿ ಕಳಿಸುವವಳು ನಾನೇ. ಕಾಗುಣಿತ ಸರಿಯಿದೆಯೇ ಎಂದು ನೋಡುವುದಷ್ಟೇ ನನ್ನ ಕೆಲಸ.

ಬಿಳಿ ಸಾಸ್ ಪೂರ್ತಿ ಬಿಡಿ, ಹಾಲು, ಕ್ರೀಮ್, ಗೋಧಿಹಿಟ್ಟು ಮೂರೂ ಅದರಲ್ಲಿವೆ. ಅಣಬೆಯದು ಕೇಳಲೇಬೇಡಿ. ಹಸಿರು ಎಲೆಯ ಸಾಸ್ ನೋಡಲು ಸಾಧು, ಆದರೆ ಬೆಳ್ಳುಳ್ಳಿಯಿಲ್ಲದೆ ಅದನ್ನು ಯಾರೂ ಮಾಡುವುದಿಲ್ಲ, ಅಗ್ಗವಾಗಲೆಂದು ಗೋಡಂಬಿ ಬೇರೆ ರುಬ್ಬಿರುತ್ತಾರೆ. ಹೊಟ್ಟೆಗೆ ಒಳ್ಳೆಯದು ಎಂದು ದೊಡ್ಡದಾಗಿ ಬರೆದಿರುವುದರಲ್ಲಿ ಚಿಕೋರಿ ಬೇರಿನ ನಾರು ಇರುತ್ತದೆ, ನಮ್ಮಂಥವರ ಹೊಟ್ಟೆಗೆ ಅದೇ ಶತ್ರು. ಟೊಮೆಟೊ, ಎಣ್ಣೆ, ಉಪ್ಪು, ಬೇಸಿಲ್ ಎಲೆ, ಇಷ್ಟೇ ಇರುವ ಕೆಂಪು ಸಾಸ್ ಸಿಕ್ಕಿದರೆ ತೆಗೆದುಕೊಳ್ಳಿ. ಅದನ್ನೂ ಒಂದು ಹೊತ್ತಿಗೆ ಅರ್ಧ ಬಟ್ಟಲಿಗಿಂತ ಹೆಚ್ಚು ಹಾಕಿಕೊಳ್ಳಬೇಡಿ, ಟೊಮೆಟೊ ಬತ್ತಿದಷ್ಟೂ ಅದರ ಸಕ್ಕರೆ ಗಟ್ಟಿಯಾಗುತ್ತದೆ. ಪಾಸ್ತಾ ಅಕ್ಕಿಯದೋ ಜೋಳದ್ದೋ ಇರಲಿ. ಮೇಲೆ ಹಳೆಯ ಗಟ್ಟಿ ಚೀಸ್ ಸ್ವಲ್ಪ ತುರಿದುಕೊಂಡರೆ ತೊಂದರೆಯಿಲ್ಲ.

ನಲವತ್ತರಲ್ಲಿ ಒಂದು ಸಿಗಬಹುದು. ಸಿಗದೆಯೂ ಇರಬಹುದು. ಆಗ ಮನೆಯಲ್ಲೇ ಮಾಡಿಕೊಳ್ಳಿ, ಈರುಳ್ಳಿ ಬೆಳ್ಳುಳ್ಳಿ ತಿನ್ನಬೇಡಿ, ಅಷ್ಟೇ.

ನಿಮ್ಮ ಮನೆಯಲ್ಲಿ ನಾನು ಏನು ತಿನ್ನುತ್ತಿದ್ದೆ ಎಂಬ ಪ್ರಶ್ನೆಗೆ ಉತ್ತರ: ನೀವು ಬಡಿಸಿದ್ದನ್ನು. ಆಮೇಲೆ ಕೋಣೆಗೆ ಹೋಗಿ ಮಲಗುತ್ತಿದ್ದೆ.

ಇತಿ,
ಲೇಬಲ್ ಓದುವವಳು


ಫೆಬ್ರವರಿ ೨೭

ಕನ್ನಡಕದವಳಿಗೆ,

ನಿನ್ನ ಕಾಗದ ಹಿಡಿದುಕೊಂಡೇ ಅಂಗಡಿಗೆ ಹೋದೆ. ಭೂತಗನ್ನಡಿ ಇಟ್ಟುಕೊಂಡು ಒಂದೊಂದೇ ಬಾಟಲಿ ತಿರುಗಿಸಿದೆ. ಯಾರೋ ನನ್ನನ್ನು ತಪಾಸಣೆಯವಳೆಂದು ತಿಳಿದು ಮ್ಯಾನೇಜರನ್ನು ಕರೆತಂದರು. ನಿನ್ನ ಲೆಕ್ಕಕ್ಕೆ ಸರಿಹೊಂದುವುದು ಒಂದೂ ಸಿಗಲಿಲ್ಲ. ಹಾಳಾಗಿ ಹೋಗಲಿ, ಸಾಸ್ ಮಾಡಲಿಕ್ಕೆ ನನಗೆ ಬಾಟಲಿಯ ಹಂಗು ಯಾಕೆ ಎಂದು ಟೊಮೆಟೊ ತಂದು ಮನೆಯಲ್ಲೇ ಮಾಡಿದೆ.

ಡಿಪೋದಲ್ಲಿ ಮಾಡುತ್ತಿದ್ದ ಹಾಗೆಯೇ ಮಾಡಿದೆ. ಹಿಂದೆ ಒಬ್ಬ ಸಾಹೇಬರಿದ್ದರು, ಊಟದಲ್ಲಿ ಈರುಳ್ಳಿ ಚೂರು ಬಾಯಿಗೆ ಸಿಕ್ಕಿದರೆ ಎದ್ದೇ ಹೋಗುತ್ತಿದ್ದರು. ಅವರಿಗೋಸ್ಕರ ನಾನು ಈರುಳ್ಳಿ ಬೆಳ್ಳುಳ್ಳಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಸಾಸಿನಲ್ಲಿ ಮುಳುಗಿಸಿಡುತ್ತಿದ್ದೆ. ಮೂರು ಗಂಟೆ ಕುದಿಸಿ, ಗಂಟು ಹಿಂಡಿ, ಎತ್ತಿ ಬಿಸಾಡುವುದು. ಒಂದು ಚೂರೂ ಉಳಿಯುವುದಿಲ್ಲ, ಘಮ ಮಾತ್ರ ಇರುತ್ತದೆ. ಸಾಹೇಬರು ತಟ್ಟೆ ನೆಕ್ಕುತ್ತಿದ್ದರು. ಈಗಲೂ ಹಾಗೇ ಗಂಟು ಕಟ್ಟಿದೆ, ಹಾಗೇ ತೆಗೆದೆ, ಅರ್ಧ ಬಟ್ಟಲು ಅಳೆದು ಹಾಕಿಕೊಂಡೆ.

ಉಂಡು ಸರಿಯಾಗಿ ಎರಡು ಗಂಟೆಗೆ ಶುರುವಾಯಿತು. ಸಂಜೆವರೆಗೂ ಅಡುಗೆಮನೆಯ ನೆಲದ ಮೇಲೆ ಮಂಡಿ ಮಡಚಿಕೊಂಡು ಮಲಗಿದ್ದೆ. ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಕೂಗಿದ್ದರೆ ಬರುತ್ತಿದ್ದರೋ ಏನೋ, ಅವರ ಹೆಸರೇ ನನಗೆ ಗೊತ್ತಿಲ್ಲ.

ನೀನು ಬೆಳ್ಳುಳ್ಳಿ ತಿನ್ನಬೇಡಿ ಎಂದೆ, ನಾನು ತಿನ್ನಲಿಲ್ಲ. ಪೂರ್ತಿ ತೆಗೆದೇ ಉಂಡದ್ದು. ಹಾಗಾದರೆ ಪಟ್ಟಿ ಸುಳ್ಳೋ, ನನಗಿರುವುದು ಬೇರೆ ರೋಗವೋ? ನಿನಗೂ ಹಾಗೇ ಗಂಟು ಕಟ್ಟಿಯೇ ಮಾಡುತ್ತಿದ್ದೆನಲ್ಲ, ಅದಕ್ಕೇ ಕೇಳಿದೆ.

ಇತಿ,
ಅತ್ತೆ


ಮಾರ್ಚ್ ೨

ಅತ್ತೆಯವರಿಗೆ,

ಪಟ್ಟಿ ಸುಳ್ಳಲ್ಲ. ನಮ್ಮ ಹೊಟ್ಟೆಗೆ ಆಗದಿರುವುದು ಈರುಳ್ಳಿ ಬೆಳ್ಳುಳ್ಳಿಯ ಚೂರಲ್ಲ, ಅದರೊಳಗಿನ ಒಂದು ಬಗೆಯ ಸಕ್ಕರೆ. ಅದು ನೀರಿನಲ್ಲಿ ಕರಗುತ್ತದೆ. ಟೊಮೆಟೊ ರಸವೆಂದರೆ ನೀರೇ. ಮೂರು ಗಂಟೆ ಕುದಿಸಿದರೆ ಅದೆಲ್ಲವೂ ಸಾಸಿಗೆ ಇಳಿದಿರುತ್ತದೆ. ಹಿಂಡಿದ ಮೇಲೆ ಕೇಳುವುದೇ ಬೇಡ. ನೀವು ಎತ್ತಿ ಬಿಸಾಡುವುದು ಬರಿಯ ಸಿಪ್ಪೆ.

ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಬೆಳ್ಳುಳ್ಳಿಯ ಘಮ ಬೇಕಿದ್ದರೆ ಬರೀ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಎಸಳುಗಳನ್ನು ಹೊಂಬಣ್ಣಕ್ಕೆ ಬರುವವರೆಗೆ ಬಿಡಿ. ಒಂದೊಂದನ್ನೂ ಎಣಿಸಿ ಹೊರಗೆ ತೆಗೆಯಿರಿ. ಆಮೇಲೆ ಆ ಎಣ್ಣೆಗೆ ಟೊಮೆಟೊ ಹಾಕಿ. ಈರುಳ್ಳಿಯ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ ಮಾತ್ರ. ಹುಳಿ ಹೆಚ್ಚಾದರೆ ಒಂದು ಕ್ಯಾರೆಟ್ ತುರಿದು ಹಾಕಿ.

ನಿಮ್ಮ ಕಾಗದದ ಕೊನೆಯ ಸಾಲನ್ನು ಹತ್ತು ಸಲ ಓದಿದೆ. ನನಗೂ ಹಾಗೇ ಮಾಡುತ್ತಿದ್ದಿರಿ ಎಂದರೆ ಏನು? ಯಾವಾಗಿನಿಂದ? ಯಾಕೆ ಹೇಳಲಿಲ್ಲ?

ಇತಿ,
ನಾನು


ಮಾರ್ಚ್ ೧೦

ಕನ್ನಡಕದವಳೇ,

ನಿನ್ನ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಮೂವತ್ತೊಂದು ವರ್ಷ ಸೌಟು ಹಿಡಿದವಳಿಗೆ ನೀರಿಗೂ ಎಣ್ಣೆಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲವಲ್ಲ.

ಕೇಳಿದ್ದೀಯ, ಹೇಳುತ್ತೇನೆ. ಮದುವೆಯಾದ ಎರಡನೇ ತಿಂಗಳು ನೀನು ನನ್ನ ಹತ್ತಿರ ಬಂದು, ಈರುಳ್ಳಿ ಬೆಳ್ಳುಳ್ಳಿ ತಿಂದರೆ ನಂಗೆ ಆಗಲ್ಲ ಅತ್ತೆ, ಎಂದೆ. ನನಗೆ ಮೈ ಉರಿಯಿತು. ಊರಿಗೆಲ್ಲ ಹಿಡಿಸಿದ ನನ್ನ ಕೈ ಅಡುಗೆಗೆ ಮೊನ್ನೆ ಬಂದವಳು ಮೂಗು ಮುರಿಯುತ್ತಾಳೆ ಎಂದುಕೊಂಡೆ. ನಿನಗೆ ಒಂದು ಮಾತೂ ಹೇಳಲಿಲ್ಲ. ಆದರೆ ಮಾರನೆಯ ದಿನವೇ ಹಳೆಯ ದಿಂಬಿನ ಚೀಲ ಹರಿದು, ನಿನ್ನ ಗಂಟಿಗೆಂದು ಅಂಚು ಮಡಚಿ ನೀಲಿ ದಾರದಲ್ಲಿ ಹೊಲಿದೆ. ಮೂಲೆಯಲ್ಲಿ ಒಂದು ಚಿಕ್ಕ ಪಾತ್ರೆ ಇರುತ್ತಿತ್ತು, ಜ್ಞಾಪಕವಿದೆಯೇ? ಅದು ನಿನ್ನದು. ಪ್ರತಿ ಸಲವೂ ನಿನ್ನ ಪಾಲು ಅದರಲ್ಲಿ, ಗಂಟು ಕಟ್ಟಿ, ಚೂರು ಸಿಗದ ಹಾಗೆ ಬೇಯುತ್ತಿತ್ತು. ಮುನ್ನೂರು ಜನಕ್ಕೆ ಅಡುಗೆ ಮಾಡಿ ಮನೆಗೆ ಬಂದು, ನಿನಗೆಂದು ಬೇರೆ ಒಲೆ ಹಚ್ಚುತ್ತಿದ್ದೆ.

ಹೇಳದೆ ಇದ್ದದ್ದು ಯಾಕೆ ಎಂದರೆ, ಪರೀಕ್ಷೆ ಮಾಡಲಿಕ್ಕೆ. ಹೇಳಿದರೆ ನೀನು ನೋವಿಲ್ಲ ಎಂದು ಬಿಡುತ್ತೀಯ. ಹೇಳದೆ ತೆಗೆದು ಬಡಿಸಿದಾಗಲೂ ನೋವು ಎಂದರೆ ನಾಟಕ ಸಿಕ್ಕಿಬೀಳುತ್ತದೆ. ನೀನು ನೋವು ಎಂದೆ. ಒಂದು ದಿನವೂ ತಪ್ಪದೆ ಎಂದೆ. ನನ್ನ ಮನಸ್ಸಿನಲ್ಲಿ ನೀನು ಸುಳ್ಳಿ ಎಂದು ಅಚ್ಚಾಗಿ ಹೋಯಿತು. ಆದರೂ ಚಿಕ್ಕ ಪಾತ್ರೆ ಇಡುವುದನ್ನು ಬಿಡಲಿಲ್ಲ, ಅದು ಯಾಕೋ ನನಗೇ ಗೊತ್ತಿಲ್ಲ.

ಇನ್ನೊಂದಿದೆ. ನನ್ನ ನಿವೃತ್ತಿಯ ದಿನ ಕ್ಯಾಂಟೀನಿನಲ್ಲಿ ಊಟವಿತ್ತಲ್ಲ. ನಿನ್ನ ಪಾತ್ರೆಯನ್ನು ಅಲ್ಲಿಗೂ ಒಯ್ದಿದ್ದೆ. ಸಾಹೇಬರು ನನ್ನ ಬಗ್ಗೆ ನಾಲ್ಕು ಮಾತಾಡಲು ನಿಂತಾಗ ನೀನು ಹೊಟ್ಟೆ ಹಿಡಿದುಕೊಂಡು ಎದ್ದು ಹೋದೆ. ಎಲ್ಲರೂ ತಿರುಗಿ ನೋಡಿದರು. ಮೂವತ್ತೊಂದು ವರ್ಷಕ್ಕೆ ಒಂದೇ ಸಲ ನನ್ನ ಬಗ್ಗೆ ಯಾರಾದರೂ ಮಾತಾಡಿದ್ದು. ಆವತ್ತು ಮನೆಗೆ ಬಂದು ಮಗನನ್ನು ಅಡುಗೆಮನೆಗೆ ಕರೆದೆ. ಗಂಟಿನ ಬಟ್ಟೆ ತೋರಿಸಿದೆ. "ಮೂರು ವರ್ಷದಿಂದ ತೆಗೆದೇ ಬಡಿಸ್ತಾ ಇದ್ದೀನಿ, ಅವಳ ನೋವೆಲ್ಲ ಸುಳ್ಳು ಕಣೋ" ಎಂದೆ.

ಅವನು ಬಟ್ಟೆಯನ್ನು ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ಆಮೇಲೆ ಕೋಣೆಗೆ ಹೋದ. ಅವನು ನಿನಗೆ ಏನು ಹೇಳಿದನೋ ನಾನು ಕೇಳಲಿಲ್ಲ.

ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ನಿನಗೆ ಹೇಳುವ ಹಾಗೂ ಇಲ್ಲ. ನಿನ್ನ ಹೊಟ್ಟೆಗೆ ನಾನು ಹಾಕಿದ್ದೇ ಸಾಕು.

ಅತ್ತೆ


ಮಾರ್ಚ್ ೩೦

ಕನ್ನಡಕದವಳಿಗೆ,

ಉತ್ತರ ಬರಲಿಲ್ಲ. ಬರಬೇಕೆಂದು ಹೇಳುವುದಿಲ್ಲ. ನೀನು ಹೇಳಿದ ಹಾಗೆ ಎಣ್ಣೆಯಲ್ಲಿ ಮಾಡಿದೆ. ಏಳು ಎಸಳು ಹಾಕಿದೆ, ಏಳನ್ನೂ ತೆಗೆದೆ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು ಎರಡು ಸಲ ಎಣಿಸಿದೆ. ಎರಡು ಗಂಟೆ ಕಳೆಯಿತು, ಮೂರು ಗಂಟೆಯೂ ಕಳೆಯಿತು. ಏನೂ ಆಗಲಿಲ್ಲ. ಖುಷಿಯಾಗಬೇಕಿತ್ತು. ಕುರ್ಚಿಯಲ್ಲಿ ಕೂತು ಗೋಡೆ ನೋಡಿದೆ.

ಅತ್ತೆ


ಏಪ್ರಿಲ್ ೧೪

ಕನ್ನಡಕದವಳಿಗೆ,

ಅಂಚೆಯವನು ಈಗ ನನ್ನ ಮುಖ ನೋಡಿ ದೂರದಿಂದಲೇ ತಲೆಯಾಡಿಸುತ್ತಾನೆ. ಪಥ್ಯದ ಹುಡುಗಿ ಆರು ವಾರ ಮುಗಿಯಿತು, ಇನ್ನು ಒಂದೊಂದೇ ಪದಾರ್ಥ ಸೇರಿಸಿ ನೋಡಿ ಎಂದಿದ್ದಾಳೆ. ನಿನ್ನನ್ನು ಕೇಳಿ ಸೇರಿಸೋಣ ಎಂದಿದ್ದೆ.

ಅತ್ತೆ


ಏಪ್ರಿಲ್ ೨೧

ಅತ್ತೆಯವರಿಗೆ,

ಇದು ನಾಲ್ಕನೇ ಹಾಳೆ. ಹಿಂದಿನ ಮೂರರಲ್ಲಿ ಬರೆದದ್ದನ್ನು ಕಳಿಸುವ ಹಾಗಿರಲಿಲ್ಲ.

ನಿಮ್ಮ ನಿವೃತ್ತಿಯ ದಿನ ಅವರು ಕೋಣೆಗೆ ಬಂದು ಬಾಗಿಲನ್ನು ಮೆಲ್ಲಗೆ ಹಾಕಿದರು. ನಾನು ಮಂಚದ ಮೇಲೆ ಮುದುಡಿ ಮಲಗಿದ್ದೆ. ಅಲ್ಲಿಯವರೆಗೆ ನನಗೆ ನೋವು ಬಂದಾಗಲೆಲ್ಲ ಬಿಸಿನೀರಿನ ಚೀಲ ತಂದು ಕೊಡುತ್ತಿದ್ದವರು ಅವರೊಬ್ಬರೇ. ಆವತ್ತು ತರಲಿಲ್ಲ. ಬಾಗಿಲಿಗೆ ಒರಗಿ ನಿಂತು, "ಇನ್ನು ಸಾಕು. ನಂಗೆ ಎಲ್ಲಾ ಗೊತ್ತಾಯ್ತು" ಎಂದರು. ಏನು ಗೊತ್ತಾಯಿತು ಎಂದು ಕೇಳಿದೆ. "ನಿನಗೇ ಗೊತ್ತಿದೆ" ಎಂದರು. ಆಮೇಲೆ ಎಂಟು ತಿಂಗಳು ಒಂದೇ ಸೂರಿನ ಕೆಳಗೆ ಇದ್ದೆವು. ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಆ "ಎಲ್ಲಾ" ಎಂದರೆ ಏನು ಎಂದು ಏಳು ವರ್ಷ ಹುಡುಕಿದ್ದೇನೆ ಅತ್ತೆ. ನನ್ನ ಪತ್ರಗಳನ್ನು ಓದಿದರೇ, ಯಾರಾದರೂ ಚಾಡಿ ಹೇಳಿದರೇ, ನಾನು ಯಾರ ಜೊತೆಯಾದರೂ ನಕ್ಕು ಮಾತಾಡಿದ್ದು ತಪ್ಪಾಗಿ ಕಂಡಿತೇ. ಲೇಬಲ್ ತಿದ್ದುತ್ತಾ ಕೂತಿರುವಾಗ, ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ನನ್ನ ಇಡೀ ಜೀವನವನ್ನು ಕರಡಚ್ಚಿನ ಹಾಗೆ ಸಾಲು ಸಾಲಾಗಿ ಓದಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಗಲಿಲ್ಲವೆಂದರೆ ನನ್ನ ಕಣ್ಣಿಗೆ ಕಾಣದಂಥ ದೊಡ್ಡ ತಪ್ಪೇ ಇರಬೇಕು ಎಂದು ನಂಬಿದೆ. ಅದು ಒಂದು ಗಂಟು ಬೆಳ್ಳುಳ್ಳಿ ಎಂದು ಈಗ ಹೇಳುತ್ತಿದ್ದೀರಿ.

ಚಿಕ್ಕ ಪಾತ್ರೆ ನನಗೆ ಚೆನ್ನಾಗಿ ಜ್ಞಾಪಕವಿದೆ. ಮೈಲಿಗೆಯವಳ ಹಾಗೆ ನನ್ನನ್ನು ಬೇರೆ ಪಾತ್ರೆಗೆ ಹಾಕಿದ್ದಾರೆ ಎಂದುಕೊಂಡಿದ್ದೆ. ಅದರಿಂದ ಬಡಿಸುವಾಗ ನೀವು ಮುಖ ಗಂಟಿಕ್ಕಿಕೊಂಡಿರುತ್ತಿದ್ದಿರಿ. ಈ ಪಾತ್ರೆ ಯಾಕೆ ಎಂದು ಒಂದು ಸಲ ಕೇಳಿದ್ದರೆ ನೀವು ಹೇಳುತ್ತಿದ್ದಿರೇನೋ. ನನಗೂ ಸೊಕ್ಕಿತ್ತು, ಕೇಳಲಿಲ್ಲ.

ನನಗೆ ಸಿಟ್ಟಿದೆ. ತುಂಬ ಸಿಟ್ಟಿದೆ. ಇಲ್ಲಿ ಯಾರೂ ನನ್ನನ್ನು ಊಟಕ್ಕೆ ಕರೆಯುವುದಿಲ್ಲ, ಇವಳಿಗೆ ಏನು ಮಾಡಿ ಹಾಕುವುದು ಎಂಬ ತಲೆನೋವು ಅವರಿಗೆ. ಮಧ್ಯಾಹ್ನ ಕಾಗದದ ಹೊರೆಗಳ ಹಿಂದೆ ಕೂತು ಡಬ್ಬಿ ತೆರೆಯುತ್ತೇನೆ. ಐದು ವರ್ಷದಿಂದ ಬೇರೆಯವರ ಕೈ ಅಡುಗೆ ತಿಂದಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದು ಕೂತಾಗಲೆಲ್ಲ ನೀಲಿ ದಾರ ಕಣ್ಣ ಮುಂದೆ ಬರುತ್ತದೆ. ಅದು ಇನ್ನೂ ಹಿಂಸೆ.

ಸೇರಿಸುವುದಾದರೆ ಮೊದಲು ಹಾಲು ಸೇರಿಸಿ ನೋಡಿ, ಮೂರು ದಿನ. ಬೆಳ್ಳುಳ್ಳಿ ಕೊನೆಗೆ.

ಇತಿ,
ನಾನು


ಮೇ ೫

ಮಗಳೇ,

ಹಾಗೆ ಬರೆದುಬಿಟ್ಟೆ. ಬೇಡವಾದರೆ ನೀನೇ ತಿದ್ದಿಕೋ, ನಿನ್ನ ಕೆಲಸವೇ ಅದು.

ತಿಂಗಳಿಗೊಮ್ಮೆ ಮಗ ಫೋನ್ ಮಾಡುತ್ತಾನೆ. ಈ ಸಲ ಅವನು ಹವಾಮಾನ ಕೇಳುವ ಮೊದಲೇ ಎಲ್ಲವನ್ನೂ ಹೇಳಿದೆ, ನೀರು, ಎಣ್ಣೆ, ಗಂಟು, ನನ್ನ ಹೊಟ್ಟೆ, ನಿನ್ನ ಹೊಟ್ಟೆ. ನಾನು ಹೇಳಿದ್ದು ಸುಳ್ಳಾಗಿತ್ತು, ಅವಳು ಹೇಳಿದ್ದು ನಿಜ ಎಂದೆ. ಅವನು "ಈಗ ಹೇಗಿದ್ದಾಳೆ?" ಎಂದ. ನಾನು ಉತ್ತರ ಹುಡುಕುವುದರೊಳಗೆ ಅವನ ಮಗಳು ಅಪ್ಪಾ ಎಂದು ಕೂಗಿದಳು, ಅವನು ಫೋನ್ ಇಟ್ಟ. ಆ ಪ್ರಶ್ನೆಯನ್ನು ನಿನಗೆ ಮುಟ್ಟಿಸುತ್ತಿದ್ದೇನೆ. ಉತ್ತರ ಕೊಡಬೇಕಾಗಿಲ್ಲ.

ನಿನಗೆ ಆಗುವ ಸಾಸ್ ನನಗೆ ಈಗ ಬರುತ್ತದೆ. ಹನ್ನೊಂದು ಸಲ ಮಾಡಿ ಕೈ ಕೂತಿದೆ. ಬಾಟಲಿಗೆ ತುಂಬಿ ಕಳಿಸಿಬಿಡೋಣ ಎಂದರೆ, ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಹೊರಗೆ ಇಡುವ ಹಾಗಿಲ್ಲ, ನಾಲ್ಕು ದಿನ ಅಂಚೆಚೀಲದಲ್ಲಿ ಕೂತರೆ ವಿಷವಾಗುತ್ತದೆ. ಕ್ಯಾಂಟೀನಿನಲ್ಲಿ ಕಲಿತದ್ದು ಅಷ್ಟಾದರೂ ಉಪಯೋಗಕ್ಕೆ ಬಂತು. ಅದನ್ನು ಮಾಡಿದ ದಿನವೇ, ಮಾಡಿದ ಮನೆಯಲ್ಲೇ ಉಣ್ಣಬೇಕು. ಹಾಗಾಗಿ ಕೇಳುತ್ತಿದ್ದೇನೆ. ಒಂದು ಭಾನುವಾರ ಬರುತ್ತೀಯಾ?

ಬಾರದಿದ್ದರೆ ತಪ್ಪು ತಿಳಿಯುವುದಿಲ್ಲ. ತಪ್ಪು ತಿಳಿಯುವ ಕೆಲಸದಿಂದಲೂ ನಿವೃತ್ತಳಾಗಿದ್ದೇನೆ.

ಅತ್ತೆ


ಮೇ ೧೮

ಅತ್ತೆ,

ಬರುವುದಿಲ್ಲ ಎಂದು ಬರೆಯಲು ಕೂತೆ. ಜೂನ್ ಮೊದಲ ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ, ನಾಲ್ಕರ ಬಸ್ಸಿಗೆ ವಾಪಸು. ಅವರ ಮಾತು ಎತ್ತಬೇಡಿ. ನಿಲ್ದಾಣಕ್ಕೆ ಬರಬೇಡಿ, ದಾರಿ ಗೊತ್ತಿದೆ.

ಇತಿ,
ನಾನು


ಜೂನ್ ೨೬

ಮಗಳೇ,

ನೀನು ಬಂದು ಹೋಗಿ ಮೂರು ವಾರ ಕಳೆಯಿತು. ಒಂದು ಸಾಲಿಲ್ಲ.

ಆ ದಿನವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದು ಕೇಳಬೇಡ. ನೀನು ಒಳಗೆ ಬಂದವಳೇ ಸೀದಾ ಅಡುಗೆಮನೆಗೆ ಹೋಗಿ, ಮೂಲೆಯಲ್ಲಿದ್ದ ಚಿಕ್ಕ ಪಾತ್ರೆಯನ್ನು ಮುಟ್ಟಿ ನೋಡಿದೆ. ಆವತ್ತು ಅದನ್ನು ಬಳಸಲಿಲ್ಲ, ಇಬ್ಬರಿಗೂ ಒಂದೇ ಪಾತ್ರೆಯಲ್ಲಿ ಮಾಡಿದ್ದೆ. ತೆಗೆದ ಎಸಳುಗಳನ್ನು ನಿನ್ನ ಮುಂದೆಯೇ ಎಣಿಸಿದೆ. ನೀನು ಕನ್ನಡಕ ಮೂಗಿನ ತುದಿಗೆ ಇಳಿಸಿ ನೀನೂ ಎಣಿಸಿದೆ. ನಗು ಬಂತು, ಆದರೆ ಇಬ್ಬರೂ ನಗಲಿಲ್ಲ.

ನೀನು ಎರಡನೇ ಸಲ ಹಾಕಿಸಿಕೊಂಡೆ. ನನ್ನ ಮೇಜಿನಲ್ಲಿ ನೀನು ಎರಡನೇ ಸಲ ಹಾಕಿಸಿಕೊಂಡದ್ದು ಅದೇ ಮೊದಲು. ಆಮೇಲೆ ನಾನು ಏನೇನೋ ಹರಟಿದೆ, ಮೇಲಿನ ಮನೆಯವರ ಹೆಸರು ಕೊನೆಗೂ ಕೇಳಿ ತಿಳಿದುಕೊಂಡದ್ದು ಹೇಳಿದೆ, ಆದರೆ ಕಣ್ಣು ಗಡಿಯಾರದ ಮೇಲೇ ಇತ್ತು. ಉಂಡು ಎರಡು ಗಂಟೆ ತುಂಬುವ ಮೊದಲೇ ನೀನು ಚೀಲ ಎತ್ತಿಕೊಂಡೆ, ಬಸ್ಸಿಗೆ ಹೊತ್ತಾಯಿತು ಎಂದೆ. ಇನ್ನೂ ಹೊತ್ತಿತ್ತು. ಬಾಗಿಲಲ್ಲಿ ನಿನ್ನ ಮುಖ ಬೆಳ್ಳಗಾಗಿತ್ತು. ನೋವು ಬಂದು, ನನ್ನ ಮುಂದೆ ಹೇಳಲಾರದೆ ಹೋದೆಯಾ? ಎಲ್ಲಿ ತಪ್ಪಿದೆ ಎಂದು ಮತ್ತೆ ಮತ್ತೆ ಲೆಕ್ಕ ಹಾಕುತ್ತೇನೆ. ಟೊಮೆಟೊ ಹೆಚ್ಚು ಬತ್ತಿತೇ, ಚೀಸ್ ಜಾಸ್ತಿಯಾಯಿತೇ?

ನೋವಾಯಿತು ಎಂದರೆ ನಂಬುತ್ತೇನೆ. ಆಗಲಿಲ್ಲ ಎಂದರೂ ನಂಬುತ್ತೇನೆ. ಎರಡರಲ್ಲಿ ಒಂದು ಬರೆ.

ಆ ಗಂಟಿನ ಬಟ್ಟೆ ಇನ್ನೂ ಇದೆ. ಸುಟ್ಟುಬಿಡೋಣ ಎಂದು ತೆಗೆದೆ, ಕೈ ಬರಲಿಲ್ಲ. ಒಗೆದು ಮಡಚಿ ಇಟ್ಟಿದ್ದೇನೆ.

ಅತ್ತೆ


ಜುಲೈ ೩

ಅತ್ತೆ,

ನೋವಾಗಲಿಲ್ಲ.

ಬಸ್ಸಿನಲ್ಲಿ ಕೂತು ಕಾದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಈಗ ಬರುತ್ತದೆ, ಈಗ ಬರುತ್ತದೆ ಎಂದು ಮನೆ ಮುಟ್ಟುವವರೆಗೂ ಕಾದೆ. ಬರಲೇ ಇಲ್ಲ. ಹೊಟ್ಟೆ ತುಂಬಿತ್ತು, ಅಷ್ಟೇ. ಬೀಗ ತೆಗೆದು ಒಳಗೆ ಹೋಗಿ ಚಪ್ಪಲಿ ಕೂಡ ಬಿಚ್ಚದೆ ಅತ್ತುಬಿಟ್ಟೆ. ಬಹಳ ಹೊತ್ತು ಅತ್ತೆ. ನೋವಾಗಿದ್ದರೆ ಎಷ್ಟೋ ಸುಲಭವಿತ್ತು, ನಮ್ಮಿಬ್ಬರಿಗೆ ಎಷ್ಟಾದರೂ ಕೂಡಿಬರುವುದಿಲ್ಲ ಎಂದು ತಿಳಿದು ಸುಮ್ಮನಾಗಬಹುದಿತ್ತು. ಅದೇ ಮೇಜು, ಅದೇ ಕುರ್ಚಿ, ಅದೇ ನಿಮ್ಮ ಕೈ. ನಾಲ್ಕು ವರ್ಷ ಅಲ್ಲಿ ಹೀಗೆ ಉಣ್ಣಬಹುದಿತ್ತು. ಒಂದು ಬಾಣಲೆ ಎಣ್ಣೆ ಸಾಕಿತ್ತು.

ನಿಮ್ಮ ಮನೆಯಿಂದ ಬೇಗ ಹೊರಟದ್ದು ಅದಕ್ಕೇ. ಎರಡನೇ ಸಲ ಬಡಿಸುವಾಗ ನೀವು "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಿರಲ್ಲ, ಆಗಲೇ ನಿಮ್ಮ ಮುಂದೆ ಅಳಬಾರದೆಂದು ಚೀಲ ಹುಡುಕತೊಡಗಿದ್ದೆ.

ಮುಂದಿನ ಭಾನುವಾರ ಬರಲಾರೆ. ಅದರ ಮುಂದಿನದಕ್ಕೂ ಮಾತು ಕೊಡುವುದಿಲ್ಲ. ನನ್ನ ಸಿಟ್ಟು ಇನ್ನೂ ಮುಗಿದಿಲ್ಲ, ಮುಗಿದ ಹಾಗೆ ನಟಿಸಿದರೆ ನೀವು ಕಂಡುಹಿಡಿಯುತ್ತೀರಿ. ಅವರಿಗೆ ಹೇಳಿ, ಈಗ ಚೆನ್ನಾಗಿದ್ದಾಳೆ ಎಂದು.

ಬಟ್ಟೆಯನ್ನು ಸುಡಬೇಡಿ. ನನಗೆ ಕಳಿಸಿ. ಅದು ಅಂಚೆಯಲ್ಲಿ ಕೆಡುವುದಿಲ್ಲ. ಆ ಮನೆಯಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ ಎಂದು ನಂಬಿಕೊಂಡೇ ಈ ಏಳು ವರ್ಷ ಒಬ್ಬಳೇ ಉಂಡಿದ್ದೇನೆ. ಆ ನೀಲಿ ಹೊಲಿಗೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಇತಿ,
ಕನ್ನಡಕ